ಕೋಡಿಗೆ ಒಟ್ಟಿದ ಚೀಲ

"ಲೇ ಲೋಕ್ಯಾ, ಕೈಗೆ ಲಕ್ವಾ ಹೊಡದೈತೇನಲೇ? ಒತ್ತಿ ಇಡಲೇ ಚೀಲಾನ, ಬೋಳಿಮಗನೆ!"

ಕೆರೆ ಏರಿಯ ಮೇಲೆ ಛತ್ರಿ ಹಿಡಿದು ನಿಂತ ಹುಚ್ಚರಾಯಪ್ಪ ಗೌಡರು ಬೈಯುತ್ತಿದ್ದದ್ದು ನನ್ನ ಅಪ್ಪನನ್ನು. ಅಪ್ಪ ಸೊಂಟದ ಮಟ್ಟ ನೀರಿನಲ್ಲಿ ನಿಂತು ಕೋಡಿಗೆ ಮರಳಿನ ಚೀಲ ಒಟ್ಟುತ್ತಿದ್ದ. ಚೀಲದ ಬಾಯಿ ಹೊಲಿದು ಹೊಲಿದು ಕೊಡುತ್ತಿದ್ದವಳು ನಾನು, ರಜನಿ. ಎರಡೆರಡು ಹೊಲಿಗೆ, ಬಿಚ್ಚಬಾರದು ಅಂತ. ದಬ್ಬಣ ಚುಚ್ಚಿ ಬೆರಳಲ್ಲಿ ರಕ್ತ ಬರುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು.

ನಮ್ಮದು ನೀರಗಂಟಿ ಮನೆತನ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಕೋಡಿ ದಾಟಿ ಹಳ್ಳಕ್ಕೆ ಸರಾಗ ಹೋಗುತ್ತದೋ ಇಲ್ಲವೋ ನೋಡುವುದು ಅಪ್ಪನ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಮನೆಗೊಂದು ಹೊರೆ ಭತ್ತ, ವರ್ಷವಿಡೀ ಬೈಗುಳ.

"ನೀರು ಕೋಡಿಕಲ್ಲು ಮುಟ್ಟಿದ ಮ್ಯಾಲೆ ಅಡ್ಡ ಕೈ ಹಾಕಂಗಿಲ್ಲ ಕಣವ್ವ" ಎಂದು ಹಿಂದಿನ ದಿನವೇ ಅಪ್ಪ ಹೇಳಿದ್ದ. "ನಮ್ಮಪ್ಪ ಹಾಕಿಲ್ಲ, ಅವರಪ್ಪ ಹಾಕಿಲ್ಲ."

"ಅವರ ಕಾಲದಾಗೆ ಹವಾಮಾನ ಹಿಂಗೆ ಕೆಟ್ಟಿತ್ತೇನಪ್ಪ? ಈಗ ಮಳೆ ಯಾವಾಗ ಬರ್ತೈತೋ ಯಾವಾಗ ಓಡ್ತೈತೋ. ಬಂದಾಗ ಹಿಡದಿಟ್ಕಬೇಕು. ಓದಿದೋಳು ಹೇಳ್ತೀನಿ, ಕೇಳು."

ಓದಿದೋಳು ಅಂತ ಅಪ್ಪ ನನ್ನ ಮಾತು ಕೇಳಿದ.

ಇದೆಲ್ಲ ಶುರುವಾದದ್ದು ಶಾಲೆ ಅಂಗಳದಲ್ಲಿ. ಪಂಚಾಯ್ತಿ ಎಲೆಕ್ಷನ್ನಿಗೆ ನಿಂತವರನ್ನು ಯಾವುದೋ ಸಂಸ್ಥೆಯವರು ಸಾಲಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳುವವರಿದ್ದರು: ಮಳೆ ಬದಲಾಗುತ್ತಿದೆ, ಗೆದ್ದರೆ ನೀವೇನು ಮಾಡುತ್ತೀರಿ? ಅದರ ಹಿಂದಿನ ದಿನ ಗೌಡರು ನನ್ನನ್ನು ಕರೆಸಿದ್ದರು.

"ನಿಮ್ಮ ಜನದಾಗೆ ನೀನೊಬ್ಬಳೇ ಡಿಗ್ರಿ ಓದ್ತಿರಾಕಿ. ನಂಗೊಂದು ಭಾಷಣ ಬರಕೊಡು. ಏಯ್, ಜಗಲಿ ಹತ್ತಬ್ಯಾಡ. ಅಲ್ಲೇ ಕೂರು."

ಅಲ್ಲೇ ಅಂದರೆ ಮನೆಯವರ ಚಪ್ಪಲಿ ಬಿಟ್ಟಿದ್ದ ಜಾಗ. ಚಪ್ಪಲಿಗಳ ನಡುವೆ ಕೂತು ಮೂರು ಹಾಳೆ ಬರೆದೆ. ಮೊದಲೆರಡು ಹಾಳೆಯಲ್ಲಿ ಕೆರೆ ಜಾಗದ ಒತ್ತುವರಿ ಬಿಡಿಸುತ್ತೇನೆ, ಕಾಲೋನಿಗೆ ಎತ್ತರದಲ್ಲಿ ಜಾಗ ಕೊಡಿಸುತ್ತೇನೆ ಅಂತಲೂ ಬರೆದಿದ್ದೆ.

ಮಾರನೇ ದಿನ ಇನ್ನೊಬ್ಬ ಅಭ್ಯರ್ಥಿ ರಾಜಪ್ಪ ಮೈಕ್ ಹಿಡಿದು, "ಮಳೆ ದೇವರ ಕೈಲೈತ್ರೀ, ಗೆದ್ರೆ ಒಂದು ಹೋಮ ಮಾಡಿಸ್ತೀನಿ" ಎಂದ. ಜನ ನಕ್ಕರು. ಗೌಡರು ಎದ್ದರು. ಮೊದಲೆರಡು ಹಾಳೆ ಮಡಚಿ ಜೇಬಿಗಿಟ್ಟು, ಮೂರನೆಯದರ ಕೊನೇ ಸಾಲು ಓದಿದರು: "ನಾನು ಗೆದ್ದರೆ ಈ ಊರಿನ ಒಂದು ಹನಿ ನೀರೂ ಕೋಡಿ ದಾಟುವುದಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ನನ್ನ ಸಾಲು, ಮೈಕಿನಲ್ಲಿ! ಕೋಡಿ ಕೆಳಗಿನ ಹಳ್ಳವನ್ನೇ ಒತ್ತುವರಿ ಮಾಡಿ ಗೌಡರು ಎರಡೆಕರೆ ಶುಂಠಿ ಹಾಕಿದ್ದು ಊರಿಗೆಲ್ಲ ಗೊತ್ತು. ಕೋಡಿ ಹರಿದರೆ ಆ ಶುಂಠಿ ಕೊಳೆಯುತ್ತದೆ ಅಂತ ನೀರಗಂಟಿ ಮಗಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಎರಡು ಹಾಳೆ ಜೇಬಿಗೆ ಹೋದದ್ದನ್ನೂ ನೋಡಿದೆ. ನೋಡಿಯೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಗೆಲ್ಲುವ ಮೊದಲೇ ಮಾತು ನಡೆಸಿ ತೋರಿಸುತ್ತೇನೆ ಅಂತ ಗೌಡರು ಕೋಡಿಗೆ ಚೀಲ ಒಟ್ಟಿಸಿದರು. ಚೀಲ ಒಟ್ಟಿದ ಮೂರನೇ ದಿನ ಪುಷ್ಯ ಮಳೆ ಹಿಡಿಯಿತು. ಮುಂದಕ್ಕೆ ಹೋಗಲಾಗದ ನೀರು ಹಿಂದಕ್ಕೆ ಏರಿತು. ಕೆರೆಯ ಹಿಂಬದಿಯ ತಗ್ಗಿನಲ್ಲೇ ನಮ್ಮ ಕಾಲೋನಿ. ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೆ ನೆರೆಮನೆಯ ಗುತ್ಯಮ್ಮಜ್ಜಿಯ ಮಣ್ಣಿನ ಗೋಡೆ ಕುಸಿದು ಅವಳ ಕಾಲ ಮೇಲೆ ಬಿತ್ತು. ಬಾಗಿಲು ಕಿತ್ತು, ಅದರ ಮೇಲೆ ಮಲಗಿಸಿ, ಮೊಣಕಾಲುದ್ದ ನೀರಿನಲ್ಲಿ ಹೊತ್ತುಕೊಂಡು ಹೊರಟೆವು. ಅಜ್ಜಿ ನನ್ನ ಕೈ ಬಿಡಲಿಲ್ಲ.

"ನೀರು ಯಾಕವ್ವ ಹಿಂದಕ್ಕೆ ಬಂತು? ಕೋಡಿ ನೋಡಾಕೆ ನಿಮ್ಮಪ್ಪ ಇದ್ದಾನಲ್ಲ?"

ಅಪ್ಪ ಬಾಗಿಲಿನ ಇನ್ನೊಂದು ತುದಿ ಹೊತ್ತಿದ್ದ. ಹೆಗಲು ಬದಲಿಸಿದ. ನನ್ನ ಹೆಸರು ಹೇಳಲಿಲ್ಲ.

ರಸ್ತೆಯಲ್ಲಿ ಅಜ್ಜಿಯನ್ನು ಶಿಕಾರಿಪುರದ ಆಸ್ಪತ್ರೆಗೆ ಹೊರಟ ಜೀಪಿಗೆ ಏರಿಸುವಾಗ ಗೌಡರ ಕಾರು ಬಂತು. ಗಾಜು ಅರ್ಧ ಇಳಿಯಿತು.

"ಹವಾಮಾನಾನೇ ಕೆಟ್ಟೈತೆ, ಯಾರೇನು ಮಾಡಾಕಾಗ್ತೈತೆ? ಏ ಕೂಸೆ, ಟಿವಿಯೋರು ಬರ್ತಾರಂತೆ. ನಾಡಿದ್ದು ವೋಟು. ಎಲ್ಲಾ ಹವಾಮಾನದ ಮ್ಯಾಲೆ ಹಾಕಿ ನಾಕು ಸಾಲು ಚಂದಾಗಿ ಬರಿ."

"ಗೌಡ್ರೆ, ಚೀಲ ತೆಗಿಸ್ರಿ."

"ನನ್ನ ಶುಂಠಿ ಏನು ನಿಮ್ಮಪ್ಪ ಕಟ್ಟಿಕೊಡ್ತಾನೇನೇ? ಚೀಲಕ್ಕೆ ಕೈ ಹಚ್ಚಿದೋರ ಕೈ ಕಡೀತೀನಿ. ಬರಿಯಾಕೆ ಕರದ್ರೆ ಮಾತಾಡಾಕೆ ಬರ್ತಾಳೆ!"

ನಾನು ಮನೆಗೆ ಹೋಗಿ ಪೆನ್ನು ತರಲಿಲ್ಲ, ಕುಡುಗೋಲು ತಂದೆ. ಏರಿ ಮೇಲೆ ಓಡಿದೆ. ಕೋಡಿಯ ಹತ್ತಿರ ನೀರಿಗೆ ಇಳಿದೆ. ಮೊದಲ ಚೀಲದ ಹೊಲಿಗೆ ಬೇಗ ಹರಿಯಲೇ ಇಲ್ಲ, ಅಷ್ಟು ಗಟ್ಟಿ ಹೊಲಿದಿದ್ದೆ. ಹರಿದದ್ದೇ ಮರಳು ಜಾರಿತು, ಚೀಲ ಕುಗ್ಗಿತು, ಆ ಸಂದಿಯಲ್ಲಿ ನೀರು ನುಗ್ಗಿತು. ಹಿಂದೆ ಯಾರೋ ನೀರಿಗಿಳಿದ ಸದ್ದು. ತಿರುಗಿದರೆ ಅಪ್ಪ. ನನ್ನ ಸೆರಗನ್ನು ತನ್ನ ಮುಷ್ಟಿಗೆ ಸುತ್ತಿಕೊಂಡು, ನೀರು ನನ್ನನ್ನು ಎಳೆಯದ ಹಾಗೆ ಕಾಲೂರಿ ನಿಂತ.

ಏರಿಯ ಮೇಲೆ ಗೌಡರು ಕೂಗುತ್ತಾ ಓಡಿ ಬಂದರು, ಛತ್ರಿಯಿಲ್ಲದೆ.

"ನಿಲ್ಲಿಸೇ ಹಲ್ಕಾ ರಂಡೆ! ಒಂದು ಹನಿ ದಾಟಂಗಿಲ್ಲ ಅಂತ ಬರದಾಕಿ ನೀನೇ ಅಲ್ಲೇನೇ?"

"ಹೌದ್ರೀ. ನಾನೇ ಬರದಿದ್ದು."

ಎರಡನೇ ಚೀಲದ ಹೊಲಿಗೆಗೆ ಕುಡುಗೋಲು ಹಾಕಿದೆ.