ಹೊನ್ನಮ್ಮನ ದ್ರಾಕ್ಷಿಗೆ ಹಿಡಿದದ್ದು ಉಪ್ಪಲ್ಲ

ಅಂಕೋಲೆಯ ಕಡಲ ಬದಿಯ ಬೊಬ್ರುವಾಡದ ಹೊನ್ನಮ್ಮ ಗದ್ದೆ ಕೂಲಿಯವಳು. ಅಂಗಳದ ಚಪ್ಪರಕ್ಕೆ ಅವಳು ದ್ರಾಕ್ಷಿ ಬಳ್ಳಿ ಹಬ್ಬಿಸಿದಾಗ ಕೇರಿಯವರೆಲ್ಲ ನಕ್ಕಿದ್ದರು. ಈ ವರ್ಷ ಗೊಂಚಲು ಬಿಟ್ಟಿತು, ನಕ್ಕವರ ಬಾಯಿ ಮುಚ್ಚಿತು. ಆದರೆ ಕಾಯಿ ಬಟಾಣಿಯಷ್ಟಾಗುವಾಗ ಎಲೆಯ ಮೇಲೆ ಹಳದಿ ಕಲೆ ಬಿತ್ತು, ಅಡಿಯಲ್ಲಿ ಬಿಳಿ ಬಿಳಿ ಕಾಣಿಸಿತು.

"ಸಮುದ್ರದ ಗಾಳಿ. ಉಪ್ಪು ಕೂತಿದೆ," ಅಂದ ಗಂಡ ಬಾಳಾ.

ಹೊನ್ನಮ್ಮನಿಗೂ ಹೌದೆನಿಸಿತು. ದಿನಾ ಸಂಜೆ ಪೈಪು ಹಿಡಿದು ಒಂದೊಂದೇ ಎಲೆ ತೊಳೆದಳು. ಹೆತ್ತ ಮಕ್ಕಳನ್ನೂ ಅವಳು ಅಷ್ಟು ಮೀಯಿಸಿರಲಿಲ್ಲ. ತೊಳೆದಷ್ಟೂ ಕಲೆ ಹೆಚ್ಚಿತು. ಎರಡು ಗೊಂಚಲು ಕಂದಿ ಉದುರಿದವು.

ಬಾಳಾ ಕತ್ತಿ ಮಸೆದ. "ಭಾನುವಾರ ಕಡಿದು ಒಗೀತೆ. ಬಸಳೆ ಹಬ್ಬಿಸಿದ್ರೆ ಸಾರಿಗಾದ್ರೂ ಆಗ್ತದೆ."

ಹೊನ್ನಮ್ಮ ಚಪ್ಪರಕ್ಕೆ ಅಡ್ಡ ನಿಂತಳು. "ಆಸ್ಪತ್ರೆಲಿದ್ದವ್ರನ್ನ ನೋಡುಕೆ ಹೋಗುವಾಗ ಮಾತ್ರ ದ್ರಾಕ್ಷಿ ತಕೊಂಡವ್ರು ನಾವು. ಎಲ್ಲರೂ ಗಟ್ಟಿ ಇರುವಾಗ ಒಂದ್ ಸಲ ತಿನ್ಬೇಕು ಅಂತಿದ್ದೆ."

ಶನಿವಾರ ಸಂಜೆ ಹಬ್ಬುವಾಡದಿಂದ ಅವಳ ಗೆಳತಿ ಕಲಾವತಿ ಬಂದಳು. ನರ್ಸರಿಯಲ್ಲಿ ಇಪ್ಪತ್ತು ವರ್ಷ ಗಿಡ ಸಾಕಿದವಳು. ಚಹಾ ಮುಟ್ಟುವ ಮೊದಲೇ ಎಲೆ ಮಗುಚಿ ನೋಡಿದಳು.

"ಇದು ಉಪ್ಪಲ್ಲ ಮಾರಾಯ್ತಿ. ಬೂಜು ರೋಗ. ಶಿಲೀಂಧ್ರ."

"ನೀ ಯಾವಾಗ ಡಾಕ್ಟರಾದ್ದು?" ಬಾಳಾ ಕೆಣಕಿದ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಒಂದು ಪ್ಲಾಸ್ಟಿಕ್ ಚೀಲ ಕೊಡು. ಉಪ್ಪಾದ್ರೆ ಒದ್ದೆಲಿ ಕರಗ್ತದೆ. ಬೂಜಾದ್ರೆ ಒದ್ದೆಲಿ ಬೆಳೀತದೆ."

ಹಳದಿ ಕಲೆಯ ಎಲೆಯೊಂದನ್ನು ಕೊಯ್ದು, ಅಡಿಯ ಬಿಳಿಯನ್ನು ಒರೆಸಿ, ಒದ್ದೆ ಬಟ್ಟೆಯ ಜೊತೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಅಂದು ಅಲ್ಲೇ ಉಳಿದಳು.

ಬೆಳಿಗ್ಗೆ ಬಾಳಾನೇ ಚೀಲ ಬಿಚ್ಚಿದ. ಕಲೆಯ ಅಡಿಗೆ ಸರಿಯಾಗಿ ಹತ್ತಿಯಂತೆ ಬಿಳಿ ಬೂಜು ಮತ್ತೆ ಎದ್ದಿತ್ತು. ಬಾಳಾ ಅದನ್ನು ಹೆಂಡತಿಯ ಮುಂದೆ ಹಿಡಿದ.

"ಅಯ್ಯೋ, ದಿನಾ ನೀರು ಹೊಯ್ದು ಇದನ್ನ ನಾನೇ ಸಾಕಿದ್ನಲ್ಲೇ!" ಹೊನ್ನಮ್ಮ ತಲೆಗೆ ಕೈ ಹೊತ್ತಳು.

"ಆದದ್ದಾಯ್ತು," ಅಂದಳು ಕಲಾವತಿ. "ಇನ್ನು ನೀರು ಬುಡಕ್ಕೆ ಮಾತ್ರ. ಕಲೆ ಬಿದ್ದ ಎಲೆ ಕೊಯ್ದು ಸುಡು, ಚಪ್ಪರದೊಳಗೆ ಗಾಳಿ ಆಡ್ಲಿ. ಎಲೆ ಮೇಲೆ ಬೂದಿ ಚೆಲ್ಲಿದ ಹಾಗೆ ಕಂಡ್ರೆ ಅದು ಬೂದಿ ರೋಗ, ಅದರ ಔಷಧಿ ಬೇರೆ. ಎಲೆ ತಕೊಂಡು ಹೋಗಿ ತೋಟಗಾರಿಕೆ ಇಲಾಖೆಲಿ ತೋರ್ಸಿ. ಅವ್ರು ಹೇಳಿದ್ದೇ, ಹೇಳಿದಷ್ಟೇ ಹೊಡೀರಿ."

ಸೋಮವಾರ ಎಲೆ ಹಿಡಿದು ಅಂಕೋಲೆಯ ತೋಟಗಾರಿಕೆ ಇಲಾಖೆಗೆ ಹೋದದ್ದು ಬಾಳಾನೇ. ಅವರು ಹೇಳಿದ ಔಷಧಿಯನ್ನು ಹೇಳಿದಷ್ಟೇ ಹೊಡೆದ. ಉಳಿದ ಐದು ಗೊಂಚಲು ಹಣ್ಣಾದವು. ಮೊದಲ ಹಣ್ಣು ತಿಂದು ಹೊನ್ನಮ್ಮ ಕಣ್ಣು ಕಿರಿದು ಮಾಡಿದಳು. "ಹುಳಿ ಅದೆ. ಇರ್ಲಿ, ನಮ್ದೇ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಳ್ಳಿಗೂ ಕಲೆ ಬಿದ್ದಿದೆಯೆ? ಗಾಳಿಗೆ, ದೃಷ್ಟಿ ಹಾಕಿದವರಿಗೆ ಬೈಯುವ ಮೊದಲು ಎಲೆ ಮಗುಚಿ ನೋಡಿ. ತಿಳಿಯದಿದ್ದರೆ ತಿಳಿದವರಿಗೆ ತೋರಿಸಿ. ರೋಗ ಯಾವುದೆಂದು ಗೊತ್ತಾಗುವವರೆಗೆ ಔಷಧಿ ಹೊಡೆಯಬೇಡಿ, ಬಳ್ಳಿಯನ್ನಂತೂ ಕಡಿಯಲೇಬೇಡಿ.