ವಲ್ಲಿಯ ಕೆಳಗಿನ ದರ

ನಾನು ಒಂದು ವಲ್ಲಿ. ಮೈಸೂರು ಕಡೆಯವರು ಟವೆಲ್ಲು ಎನ್ನುವುದನ್ನೇ ಹುಬ್ಬಳ್ಳಿ ಕಡೆ ವಲ್ಲಿ ಎನ್ನುತ್ತಾರೆ. ರಬಕವಿಯ ಒಂದು ಕೈಮಗ್ಗದಲ್ಲಿ ಹುಟ್ಟಿದೆ. ಬಿಳಿ ಮೈ, ಕೆಂಪು ಅಂಚು, ದಪ್ಪ ನೂಲು. ಯಾರದೋ ಮೈ ಒರೆಸುತ್ತ ಜೀವನ ಕಳೆಯುತ್ತೇನೆ ಎಂದುಕೊಂಡಿದ್ದೆ.

ಆದರೆ ನನ್ನನ್ನು ಕೊಂಡವನು ಎತ್ತಿನ ದಲಾಲಿ ದುರಗಪ್ಪ. ದನದ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ದಲಾಲಿಯ ಕೈ ಎರಡನ್ನೂ ನನ್ನಿಂದ ಮುಚ್ಚಿ, ಒಳಗೆ ಬೆರಳು ಹಿಡಿದು ಚೌಕಾಸಿ ಮಾಡುತ್ತಾರೆ. ಒಂದು ಬೆರಳೆಂದರೆ ಒಂದು ಸಾವಿರ. ಸುತ್ತ ನಿಂತವರು ಎಷ್ಟು ಕತ್ತು ಚಾಚಿದರೂ ಏನೂ ಕಾಣದು. ನನಗೆ ಮಾತ್ರ ಎಲ್ಲ ಗೊತ್ತು. ಅದರಿಂದ ಸ್ವಲ್ಪ ಸೊಕ್ಕೂ ಬಂದಿತ್ತು ಎನ್ನಿ.

ದುರಗಪ್ಪನ ನಂತರ ಮಗ ಯಮನಪ್ಪನ ಹೆಗಲೇರಿದೆ. ಎತ್ತಿನ ವ್ಯಾಪಾರ ಇಳಿದು, ಅವನು ಹುಬ್ಬಳ್ಳಿಯ ಹೊರವಲಯದಲ್ಲಿ ಹಳೆಯ ಕಾರು, ವ್ಯಾನು ಮಾರತೊಡಗಿದ್ದ. ಅಂಥ ಅಂಗಡಿಗಳು ಅಲ್ಲಿ ಸಾಲಾಗಿದ್ದವು. ಎತ್ತಿನ ಹಲ್ಲು ನೋಡುತ್ತಿದ್ದವರು ಈಗ ಟೈರು ಒದ್ದು ನೋಡುತ್ತಿದ್ದರು. ಪದ್ಧತಿ ಮಾತ್ರ ಅದೇ. ಲಕ್ಷದ ಮಾತು ಬಾಯಲ್ಲಿ, ಅದರ ಮೇಲಿನದು ನನ್ನ ಕೆಳಗೆ, ಬೆರಳಿಗೆ ಹತ್ತು ಸಾವಿರದಂತೆ. ಗಿರಾಕಿಯ ಅಂಗಿಯ ಇಸ್ತ್ರಿ ನೋಡಿ ಅದೇ ಗಾಡಿಯ ದರ ಏರುತ್ತಿತ್ತು.

ಒಂದು ದಿನ ದಾಕ್ಷಾಯಣಿ ಬಂದಳು. ಜೋಳದ ರೊಟ್ಟಿ ಮಾಡಿ ಮಾರುವವಳು. ದೊಡ್ಡ ಹಾಸ್ಟೆಲೊಂದು ಅವಳ ರೊಟ್ಟಿ ಮೆಚ್ಚಿತ್ತು. ಆದರೆ ದಿನಾ ಬೆಳಿಗ್ಗೆ ತಾನೇ ತಂದು ಮುಟ್ಟಿಸಬೇಕು. ವ್ಯಾನು ಸಿಕ್ಕರೆ ಆ ಕೆಲಸ ಅವಳದು, ಇಲ್ಲವಾದರೆ ಇನ್ನೊಬ್ಬರದು. ಬಿಳಿ ವ್ಯಾನೊಂದು ಅವಳ ಕಣ್ಣಿಗೆ ಬಿತ್ತು.

"ಮನಿ ಗಂಡಸರನ್ನ ಯಾರನ್ನರ ಕರ್ಕೊಂಡ ಬರ್ರಿ ಅಕ್ಕಾರ," ಎಂದ ಯಮನಪ್ಪ. "ನಿಮ್ಮ ಕೂಡ ಹೆಂಗ ಚೌಕಾಸಿ ಮಾಡೂದು?"

ನಿಜವೇ. ಹೆಂಗಸು ಪರಗಂಡಸಿನ ಕೈಯಲ್ಲಿ ಕೈ ಇಡುವುದುಂಟೆ? ಅವಳು ಮೈದುನ ಶಿವಾನಂದನನ್ನು ಕರೆತಂದಳು. ಇಬ್ಬರ ಕೈಗಳೂ ನನ್ನ ಕೆಳಗೆ ಸೇರಿದವು. ಎರಡು ಲಕ್ಷದ ಮೇಲೆ ಒಂದು ಬೆರಳು. "ಆತು," ಎಂದರು ಇಬ್ಬರೂ. ಆಮೇಲೆ ಶಿವಾನಂದ ಇನ್ನೊಂದು ಬೆರಳನ್ನು ಮೆಲ್ಲಗೆ ಯಮನಪ್ಪನ ಅಂಗೈಗೆ ತುರುಕಿದ. ಆ ಹತ್ತು ಸಾವಿರ ಗುಟ್ಟಾಗಿ ತನಗೆ. ಯಮನಪ್ಪ ಒಂದು ಕ್ಷಣ ತಡೆದು, ಆ ಬೆರಳನ್ನು ಹಿಡಿದುಕೊಂಡ.

"ಎರಡು ಲಕ್ಷ ಇಪ್ಪತ್ತ ಸಾವಿರ, ವೈನಿ. ಭಾಳ ಜಗ್ಗ್ಯಾಡಿ ಇಳಿಸೀನಿ," ಎಂದ ಶಿವಾನಂದ, ಕೈಯನ್ನು ಇನ್ನೂ ಹೊರಗೆ ತೆಗೆಯದೆ.

ದಾಕ್ಷಾಯಣಿಯ ಮುಖ ಬಾಡಿತು. ಅಷ್ಟು ಅವಳಲ್ಲಿ ಇರಲಿಲ್ಲ. ನನಗೆ ನಿಜ ಗೊತ್ತಿತ್ತು, ಆದರೆ ಬಟ್ಟೆಗೆ ಬಾಯೆಲ್ಲಿ?

"ಆತು ಅಂದ ಮ್ಯಾಲೂ ವಲ್ಲಿ ಯಾಕ ಅಲುಗ್ಯಾಡ್ತು?" ಎಂದವಳೇ ಅವಳು ನನ್ನನ್ನು ಹಿಡಿದು ಎಳೆದುಬಿಟ್ಟಳು.

ವ್ಯವಹಾರದ ನಡುವೆ ನನ್ನನ್ನು ಯಾರೂ ಹಾಗೆ ಎಳೆದಿರಲಿಲ್ಲ. ಹಗಲು ಬೆಳಕಿನಲ್ಲಿ ಶಿವಾನಂದನ ಬೆರಳು ಯಮನಪ್ಪನ ಮುಷ್ಟಿಯಲ್ಲಿ ಸಿಕ್ಕಿಬಿದ್ದಿತ್ತು.

"ಈ ಬೆರಳ ಯಾರ ಸಲುವಾಗಿ?"

ಶಿವಾನಂದ ಟೈರಿನ ಕಡೆ ತಿರುಗಿ ನಿಂತ. ಅವಳು ಯಮನಪ್ಪನನ್ನೇ ನೋಡಿದಳು. "ನನ್ನ ರೊಟ್ಟಿ ದರ ಮನಿ ಗ್ವಾಡಿ ಮ್ಯಾಲ ಬರದೀನ್ರಿ. ಸಾವಕಾರ ಬಂದರೂ ಅಷ್ಟ, ಹಮಾಲ ಬಂದರೂ ಅಷ್ಟ. ನಿಮ್ಮ ಗಾಡಿಗೇನ ಗ್ವಾಡಿ ಇಲ್ಲೇನು?"

ಪಕ್ಕದ ಅಂಗಡಿಯವರು ನೋಡುತ್ತಿದ್ದರು. ಯಮನಪ್ಪನ ಕಿವಿ ಕೆಂಪಾಯಿತು. ಅವನು ಪಂಕ್ಚರ್ ಅಂಗಡಿಯಿಂದ ಚಾಕ್ ತಂದು, ವ್ಯಾನಿನ ಮುಂದಿನ ಗಾಜಿನ ಮೇಲೆ ದೊಡ್ಡದಾಗಿ ಬರೆದ: ಎರಡು ಲಕ್ಷ ಹತ್ತು ಸಾವಿರ. ದಾಕ್ಷಾಯಣಿ ಅದನ್ನು ಗಟ್ಟಿಯಾಗಿ ಓದಿದಳು. ವ್ಯಾನು ಅವಳದಾಯಿತು.

ಆಮೇಲೆ ಯಮನಪ್ಪ ಎಲ್ಲ ಗಾಡಿಗಳ ಗಾಜಿನ ಮೇಲೂ ದರ ಬರೆದ. "ಯಮನಪ್ಪ ಕಾಯಿಪಲ್ಲೆ ಅಂಗಡಿ ಇಟ್ಟಾನ," ಎಂದು ಸಾಲಿನವರು ನಕ್ಕರು. ಕೆಲವು ಕಾಲ ಅವನು ನೊಣ ಹೊಡೆಯುತ್ತ ಕೂತದ್ದೂ ಉಂಟು. ಆದರೆ ಹಾಸ್ಟೆಲಿನ ರೊಟ್ಟಿಯ ಜೊತೆ ಅವನ ಅಂಗಡಿಯ ಸುದ್ದಿಯೂ ಊರು ಸುತ್ತಿತು. ಮೊದಲ ಸಲ ಕಾರು ಕೊಳ್ಳುವವರು, ಚೌಕಾಸಿಗೆ ಅಂಜುವವರು ಬರತೊಡಗಿದರು. ಫೋನಿನಲ್ಲಿ ದರ ನೋಡಿಕೊಂಡೇ ಬಂದವರು ಗಾಜಿನ ಮೇಲೂ ಅದನ್ನೇ ಕಂಡು ನಿರಾಳವಾದರು. ನಕ್ಕವರು ಒಬ್ಬೊಬ್ಬರಾಗಿ ಚಾಕ್ ಕೊಂಡರು.

ಈಗ ನನ್ನ ಅಂಚಿನ ಕೆಂಪು ಮಾಸಿದೆ, ನಡುವೆ ತೂತು ಬಿದ್ದಿದೆ. ಗಾಜು ಒರೆಸುವುದು ನನ್ನ ಕೆಲಸ. ಗುಟ್ಟು ಕಾಯುತ್ತಿದ್ದ ಕಾಲದಲ್ಲಿ ನಾನು ದೊಡ್ಡವನೆಂದು ಬೀಗುತ್ತಿದ್ದೆ. ನಿಜ ಹೇಳುತ್ತೇನೆ, ಈ ಒದ್ದೆ ಮೈಯಲ್ಲೇ ನನಗೆ ಹೆಚ್ಚು ಸುಖವಿದೆ.

ನಿನ್ನೆ ಒಬ್ಬ ನರ್ಸ್ ಬಂದಿದ್ದಳು. ಒಂದು ಸಣ್ಣ ಕಾರಿನ ಸುತ್ತ ಎರಡು ಸುತ್ತು ಹಾಕಿ, ಗಾಜಿನ ಮೇಲಿನ ದರ ಓದಿ, "ಓಡಿಸಿ ನೋಡ್ಲೇನ್ರಿ?" ಎಂದಳು. ಯಮನಪ್ಪ ಕೀಲಿಕೈ ಕೊಟ್ಟ. ಜೊತೆಯಲ್ಲಿ ಯಾರು ಬಂದಿದ್ದಾರೆ ಎಂದು ಅವನು ಕೇಳಲೇ ಇಲ್ಲ.