ಕುಂಚಿಗೆಯ ತೂಕ

ಬ್ಯಾಡಗಿ ಮಾರುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಮೆಣಸಿನಕಾಯಿ ತೂಗಿದವನು ನಾನು, ಫಕ್ಕೀರಪ್ಪ. ಚೀಲದ ಗಾತ್ರ ನೋಡಿ ಎಂದೂ ಮೋಸ ಹೋದವನಲ್ಲ. ಒಣಗಿದ ಕಾಯಿ ತುಂಬಿದ ಚೀಲ ಎಮ್ಮೆಯಷ್ಟು ಉಬ್ಬಿದ್ದರೂ ಹಗುರ. ತೇವ ಹಿಡಿದದ್ದು ಅದರ ಅರ್ಧ ಕಂಡರೂ ಹೆಗಲು ಮುರಿಯುತ್ತದೆ. ಯಾರ ಮಾಲೇ ಇರಲಿ, ಖಾಲಿ ಚೀಲದ ತೂಕ ಕಳೆಯದೆ ನಾನು ಅಂಕಿ ಹೇಳಿದ್ದಿಲ್ಲ. ನನ್ನ ತೂಕಕ್ಕೆ ಯಾರೂ ಮರುಮಾತಾಡುತ್ತಿರಲಿಲ್ಲ. ಆ ಸೊಕ್ಕು ನನಗಿತ್ತು.

ಮೊಮ್ಮಗಳಿಗೆ ಎರಡು ತಿಂಗಳಾದಾಗ ಅಂಗನವಾಡಿಯಲ್ಲಿ ತೂಗಲು ಕರೆದರು. ಅಲ್ಲಿನ ಕಾರ್ಯಕರ್ತೆ ನೀಲಾ ಅಕ್ಕೋರು ಕೂಸಿನ ಅಂಗಿ ಬಿಚ್ಚಲು ಹೇಳಿದಾಗ ನಾನು ಅಡ್ಡ ಬಂದೆ.

“ನಾಕು ಮಂದಿ ಮುಂದ ಕೂಸಿನ್ನ ಬತ್ತಲೆ ಮಾಡಬ್ಯಾಡ್ರಿ. ಕಣ್ಣು ತಾಗತೈತಿ.”

ಪಾಪ, ಅವರು ನನ್ನ ಬಾಯಿಗೆ ಹೆದರಿ ತೆಳು ಅಂಗಿಯಲ್ಲೇ ತೂಗಿದರು. ನಾಲ್ಕು ಕಿಲೋ. ಮುಂದಿನ ತಿಂಗಳು ಚಳಿ ಬಿತ್ತು, ಮೈಗೆ ಸ್ವೆಟರ್ ಬಂತು. ಆಮೇಲೆ ತಲೆಯಿಂದ ಬೆನ್ನ ಮೇಲೆ ಇಳಿಯುವ ದಪ್ಪ ಕುಂಚಿಗೆ, ಕಾಲಿಗೆ ಬೆಳ್ಳಿಯ ಕಡಗ. ಅಂಗನವಾಡಿಯವರು ಕೊಟ್ಟ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಲೇ ಹೋಯಿತು. ನಾನು ಅದನ್ನು ಓಣಿಗೆಲ್ಲ ತೋರಿಸಿಕೊಂಡು ತಿರುಗಿದೆ.

ಸೊಸೆ ಸುರೇಖಾಳದು ಮಾತ್ರ ದಿನಾ ಒಂದೇ ರಾಗ.

“ಮಾವಾರ, ಕೂಸು ಹಾಲು ಕುಡೀವಲ್ದು. ನೀರು ಎರಿಯುವಾಗ ಪಕ್ಕೆಲುಬು ಕೈಗೆ ಹತ್ತತಾವ. ಹಾವೇರಿ ದವಾಖಾನಿಗೆ ತೋರಿಸ್ಕೊಂಡು ಬರೂಣ್ರಿ.”

“ತಕ್ಕಡಿ ಸುಳ್ಳು ಹೇಳತೈತೇನವಾ? ಇಲ್ಲದ್ದು ತಲ್ಯಾಗ ತುಂಬ್ಕೋಬ್ಯಾಡ.”

ಮಗ ಚೇತನಕುಮಾರ ನನ್ನ ಮಾತು ಮೀರುವವನಲ್ಲ. ಅವನೂ ಸುಮ್ಮನಾದ.

ಈ ತಿಂಗಳು ಮತ್ತೆ ತೂಗಿದರು. “ನಾಲ್ಕು ಕಿಲೋ ಎಂಟುನೂರು,” ಎಂದರು ನೀಲಾ ಅಕ್ಕೋರು. ನಾನು ಮೀಸೆ ತಿರುವಿದೆ. ಸುರೇಖಾ ಕೂಸಿನ ಕುಂಚಿಗೆ, ಸ್ವೆಟರ್, ಅಂಗಿ, ಕಡಗ ಒಂದೊಂದಾಗಿ ತೆಗೆದು, ಕೂಸನ್ನು ಸೆರಗಿನೊಳಗೆ ಅವಚಿಕೊಂಡು, ಆ ಗಂಟನ್ನಷ್ಟೇ ತಕ್ಕಡಿಗೆ ಹಾಕಿದಳು. ಒಂಬೈನೂರು ಗ್ರಾಂ.

“ಚೀಲದ ತೂಕ ಕಳಿಯೂದಿಲ್ಲೇನ್ರಿ, ಮಾವಾರ?”

ಕಳೆಯುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರು ಕಿಲೋ ಒಂಬೈನೂರು. ಮೂರು ತಿಂಗಳಲ್ಲಿ ಬೆಳೆದದ್ದು ಬಟ್ಟೆ, ಕೂಸು ಸವೆದಿತ್ತು. ಬರಿಮೈಯ ಕೂಸನ್ನು ಎತ್ತಿಕೊಂಡೆ. ಕ್ವಿಂಟಲುಗಟ್ಟಲೆ ಎತ್ತಿದ ಕೈಗೆ ಪಕ್ಕೆಲುಬುಗಳು ಹತ್ತಿದವು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಲ್ಲಿಂದಲೇ ಹಾವೇರಿಯ ಬಸ್ಸು ಹತ್ತಿದೆವು. ದವಾಖಾನೆಯಲ್ಲಿ ಡಾಕ್ಟರಮ್ಮ ಕೂಸಿನ ಹೊಟ್ಟೆ ಮುಟ್ಟಿ ನೋಡಿ ಸುರೇಖಾಳ ಮೇಲೆ ಹರಿಹಾಯ್ದರು. “ತಾಯಿ ಆದಾಕಿ, ನಿನಗ ಗೊತ್ತಾಗಲಿಲ್ಲೇನವಾ?”

ಸುರೇಖಾ ತಲೆ ತಗ್ಗಿಸಿ ನಿಂತಳು. ನನ್ನ ಹೆಸರು ಹೇಳಲಿಲ್ಲ.

“ಆಕಿಗೆ ಗೊತ್ತಾಗಿತ್ರಿ,” ಎಂದೆ. “ಮೂರು ತಿಂಗಳಿಂದ ಹೇಳಾಕತ್ತಿದ್ಲು. ನಾನ ಬಾಯಿ ಮುಚ್ಚಿಸಿದೆ. ಕೂಸು ಉಳಿತೈತೇನ್ರಿ?”

“ಒಂದು ತಿಂಗಳು ಮೊದಲ ಬಂದಿದ್ರ ಖಾತ್ರಿ ಹೇಳ್ತಿದ್ದೆ,” ಎನ್ನುತ್ತ ಡಾಕ್ಟರಮ್ಮ ಕೂಸನ್ನು ಒಳಗೆ ಕರೆದೊಯ್ದರು. ಸುರೇಖಾ ಅವರ ಹಿಂದೆಯೇ ಹೋದಳು. ನನ್ನನ್ನು ಬಾ ಎನ್ನಲಿಲ್ಲ.